ಬಾಯಿಪಾಠ ಬಿಟ್ಟು ಮಾತಾಡಲು ಕಲಿತದ್ದು: ಕಾಲೇಜಿನ ಭಾಷಣ ಕೋರ್ಸ್‌ನ ನನ್ನ ಅನುಭವ

ಕೊಡಗಿನ ಶಾಲೆಗಳಲ್ಲಿ ಭಾಷಣ ಸ್ಪರ್ಧೆ ಅಂದರೆ ವಿಷಯ ಹೆಚ್ಚು ಕಡಿಮೆ ಗೊತ್ತಿರುವುದೇ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ, ಇಲ್ಲದಿದ್ದರೆ ಕಾವೇರಿ. ಮನೆಯಲ್ಲೋ ಶಾಲೆಯಲ್ಲೋ ಯಾರಾದರೂ ಎರಡು ಪುಟ ಬರೆದು ಕೊಡುತ್ತಾರೆ. ಮಕ್ಕಳು ಬಾಯಿಪಾಠ ಮಾಡಿ, ಕಾರ್ಯಪ್ಪ ಸೇನೆಯ ಮುಖ್ಯಸ್ಥರಾದ ದಿನದಿಂದ, ‘1949ರ ಜನವರಿ 15ರಂದು’ ಅಂತ ಶುರು ಮಾಡಿ ಒಂದೇ ಉಸಿರಿಗೆ ‘ಜೈ ಹಿಂದ್’ವರೆಗೆ ಓಡುತ್ತಾರೆ. ನಾನೂ ಹಾಗೆ ಓಡಿ ಬಹುಮಾನ ತೆಗೆದುಕೊಂಡವಳೇ. ಆದರೆ ಆ ಮಾತಿನಲ್ಲಿ ನನ್ನದು ಅನ್ನುವ ಒಂದು ವಾಕ್ಯವೂ ಇರುತ್ತಿರಲಿಲ್ಲ. ಪುಟ ಇಲ್ಲದೆ, ಪಾಠ ಒಪ್ಪಿಸದೆ, ಎದುರಿಗಿರುವ ಜನರ ಮುಖ ನೋಡಿಕೊಂಡು ಮಾತಾಡುವವರು ಅದನ್ನು ಹೇಗೆ ಮಾಡುತ್ತಾರೆ? ಇದು ತಿಳಿಯಬೇಕು ಅಂತಲೇ ಡಿಗ್ರಿ ಎರಡನೇ ವರ್ಷದಲ್ಲಿ ಭಾಷಣ ಕಲೆಯ ಸರ್ಟಿಫಿಕೇಟ್ ಕೋರ್ಸ್‌ಗೆ ಹೆಸರು ಕೊಟ್ಟೆ. ಕಂಪ್ಯೂಟರ್ ಕೋರ್ಸ್‌ಗೆ ಸಾಲು ಉದ್ದ ಇತ್ತು. ಇದಕ್ಕೆ ಬಂದವರು ಒಂದು ಸಣ್ಣ ಕೋಣೆಗೆ ಸಾಕಾಗುವಷ್ಟು.

ಆ ಕೋಣೆಯಲ್ಲಿ ಮನೆಮಾತು ಒಂದೇ ಇರಲಿಲ್ಲ. ಕೊಡವ ತಕ್ಕ್, ಮಲಯಾಳ, ಬ್ಯಾರಿ, ತುಳು ಎಲ್ಲ ಇತ್ತು. ನನ್ನದು ಅರೆಭಾಷೆ. ಭಾಷಣ ಕನ್ನಡದಲ್ಲೋ ಇಂಗ್ಲಿಷ್‌ನಲ್ಲೋ ಮಾಡಬಹುದಿತ್ತು. ನಾನು ಎಲ್ಲವನ್ನೂ ಕನ್ನಡದಲ್ಲೇ ಮಾಡಿದೆ. ಹೊಸದಾಗಿ ಕಲಿಯುವಾಗ ಭಾಷೆಯ ಭಾರವೂ ಜೊತೆಗೆ ಬೇಡ ಅನ್ನಿಸಿತು, ಅದು ಸರಿಯಾಗಿಯೇ ಇತ್ತು.

ಮೇಡಂ ಮೊದಲ ದಿನವೇ ಇಡೀ ಕೋರ್ಸ್‌ನ ದಾರಿ ಹೇಳಿದರು. ಮೊದಲು ಎರಡು ನಿಮಿಷದ ಪರಿಚಯ ಭಾಷಣ. ಆಮೇಲೆ ಏನಾದರೂ ಮಾಡಿ ತೋರಿಸುವ ಭಾಷಣ, ಮಾಹಿತಿ ಕೊಡುವ ಭಾಷಣ, ಕೊನೆಗೆ ಮನಸ್ಸು ಒಲಿಸುವ ಭಾಷಣ. ಇದರ ನಡುವೆ ಪ್ರತಿ ತರಗತಿಯ ಶುರುವಿನಲ್ಲಿ ಚೀಟಿ ಎತ್ತಿ ತಕ್ಷಣ ಮಾತಾಡುವುದು. ಪುಟ ಹಿಡಿದು ಓದುವ ಹಾಗಿಲ್ಲ. ಅಂಗೈ ಅಗಲದ ಒಂದು ಕಾರ್ಡ್ ಮಾತ್ರ ಇಟ್ಟುಕೊಳ್ಳಬಹುದು, ಅದರಲ್ಲೂ ಪೂರ್ತಿ ವಾಕ್ಯ ಬರೆಯಬಾರದು.

ಮೊದಲು ಹೆದರಿಕೆಯ ವಿಷಯ ಹೇಳಿಬಿಡುತ್ತೇನೆ, ಎಲ್ಲರೂ ಕೇಳುವುದು ಅದನ್ನೇ ಅಲ್ವಾ. ಎದ್ದು ನಿಂತ ಕೂಡಲೇ ಎದೆ ಹೊಡೆದುಕೊಳ್ಳುವುದು, ಬಾಯಿ ಒಣಗುವುದು, ಕೈ ನಡುಗುವುದು ಅಡ್ರಿನಲಿನ್ ಎಂಬ ಹಾರ್ಮೋನಿನ ಕೆಲಸ. ಅಪಾಯ ಬಂದಾಗ ಓಡಲೋ ಹೋರಾಡಲೋ ದೇಹ ತಯಾರಾಗುವ ರೀತಿ ಅದು. ಕೋರ್ಸ್‌ನಲ್ಲಿ ಕೇಳಿದ ಎರಡು ಅಧ್ಯಯನಗಳು ನನಗೆ ನಿಜವಾಗಿ ಉಪಯೋಗಕ್ಕೆ ಬಂದವು. 2003ರಲ್ಲಿ ಸಾವಿಟ್ಸ್ಕಿ ಮತ್ತು ಗಿಲೊವಿಚ್ ಎಂಬ ಮನಶ್ಶಾಸ್ತ್ರಜ್ಞರು ತೋರಿಸಿದ್ದು ಇದು: ನಮ್ಮ ನಡುಕ ನಮಗೆ ಅನ್ನಿಸುವಷ್ಟು ಕೇಳುಗರಿಗೆ ಕಾಣುವುದಿಲ್ಲ. ಈ ಸಂಗತಿಯನ್ನು ಮೊದಲೇ ತಿಳಿದುಕೊಂಡು ಮಾತಿಗೆ ನಿಂತವರು ಇನ್ನೂ ಚೆನ್ನಾಗಿ ಮಾತಾಡಿದರು. ಇನ್ನೊಂದು 2014ರದ್ದು, ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ ಮಾಡಿದ್ದು. ‘ಶಾಂತವಾಗಿರಬೇಕು’ ಅಂತ ಹೇಳಿಕೊಂಡವರಿಗಿಂತ ‘ನನಗೆ ಉತ್ಸಾಹ ಬಂದಿದೆ’ ಅಂತ ಹೇಳಿಕೊಂಡವರ ಭಾಷಣ ಚೆನ್ನಾಗಿತ್ತು. ಹೊಡೆದುಕೊಳ್ಳುವ ಎದೆಯನ್ನು ಸುಮ್ಮನಾಗಿಸುವುದು ಕಷ್ಟ. ಅದೇ ಬಡಿತವನ್ನು ಹುರುಪು ಅಂದುಕೊಳ್ಳುವುದು ಅಷ್ಟು ಕಷ್ಟವಿಲ್ಲ. ನಾನು ಈಗಲೂ ಎದ್ದು ನಿಲ್ಲುವ ಮೊದಲು ಹಾಗೇ ಅಂದುಕೊಳ್ಳುತ್ತೇನೆ. ಉಸಿರನ್ನು ನಿಧಾನಕ್ಕೆ ಪೂರ್ತಿ ಹೊರಗೆ ಬಿಟ್ಟು, ಎರಡೂ ಪಾದ ನೆಲದ ಮೇಲೆ ಗಟ್ಟಿಯಾಗಿ ಊರಿ, ಒಬ್ಬರ ಮುಖ ನೋಡಿ, ಆಮೇಲೆ ಬಾಯಿ ತೆರೆಯುವುದು. ಆ ಒಂದು ಕ್ಷಣ ತೆಗೆದುಕೊಂಡದ್ದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮಾಡಿ ತೋರಿಸುವ ಭಾಷಣಕ್ಕೆ ನಾನು ಆರಿಸಿದ್ದು ಕಾಫಿ ಗಿಡದ ಚಿಗುರು ತೆಗೆಯುವ ಕೆಲಸ. ಮಳೆಗಾಲದಲ್ಲಿ ಕಾಂಡದಿಂದ ನೆಟ್ಟಗೆ ಮೇಲಕ್ಕೆ ಏಳುವ ಚಿಗುರುಗಳು ಗಿಡದ ಸಾರ ತಿನ್ನುತ್ತವೆ, ಒಳಗೆ ಗಾಳಿ ಬೆಳಕು ಬಿಡುವುದಿಲ್ಲ. ಅವು ಎಳೆಯದಾಗಿರುವಾಗಲೇ ಕೈಯಲ್ಲಿ ಮುರಿದು ತೆಗೆಯಬೇಕು. ಇದು ನನ್ನ ಕೈಗೆ ಗೊತ್ತಿರುವ ಕೆಲಸ. ತೋಟದಿಂದ ಒಂದು ಕೊಂಬೆ ಕಡಿದು ಬಸ್ಸಿನಲ್ಲಿ ತಂದೆ. ಕೊಂಬೆಯನ್ನು ಎದೆಯ ಎತ್ತರಕ್ಕೆ, ಮುಖದಿಂದ ಸ್ವಲ್ಪ ಪಕ್ಕಕ್ಕೆ ಹಿಡಿಯಬೇಕು. ಕೆಳಗೆ ಹಿಡಿದರೆ ಹಿಂದಿನ ಬೆಂಚಿಗೆ ಕಾಣುವುದಿಲ್ಲ, ಮುಖದ ಮುಂದೆ ಹಿಡಿದರೆ ದನಿ ಅದಕ್ಕೇ ಬಡಿಯುತ್ತದೆ. ಚಿಗುರು ಮುರಿಯುವಾಗ ಮಾತಾಡಬಾರದು. ಮೊದಲು ‘ಬುಡದಲ್ಲಿ ಹಿಡಿದು ಪಕ್ಕಕ್ಕೆ ಎಳೆಯಿರಿ’ ಅನ್ನುವುದು, ಆಮೇಲೆ ಸುಮ್ಮನಾಗಿ ಎಳೆದು ತೋರಿಸುವುದು. ಆ ಮೌನದಲ್ಲಿ ಚಿಗುರು ಮುರಿಯುವ ‘ಟಕ್’ ಸದ್ದು ಕೊನೆಯ ಬೆಂಚಿಗೂ ಕೇಳಿಸಿತು. ನನ್ನ ವಿವರಣೆಗಿಂತ ಆ ಸದ್ದು ಜಾಸ್ತಿ ಕೆಲಸ ಮಾಡಿತು ಅಂತ ಮೇಡಂ ಹೇಳಿದರು. ಕೊಂಬೆಯನ್ನು ಎಲ್ಲರ ಕೈಗೆ ದಾಟಿಸುವುದು ಮಾತು ಪೂರ್ತಿ ಮುಗಿದ ಮೇಲೆ ಮಾತ್ರ. ನಡುವೆ ಕೊಟ್ಟರೆ ಕಣ್ಣೆಲ್ಲ ಕೊಂಬೆಯ ಹಿಂದೆ ಹೋಗುತ್ತದೆ.

ಈ ಕೋರ್ಸ್‌ನಿಂದ ನನಗೆ ಸಿಕ್ಕಿದ ದೊಡ್ಡ ಲಾಭ ತಯಾರಿಯ ರೀತಿ. ಮಾಹಿತಿ ಭಾಷಣಕ್ಕೆ ನಾನು ಹೂಮಳೆಯ ಬಗ್ಗೆ ಮಾತಾಡಿದೆ. ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ಒಳ್ಳೆ ಮಳೆ ಬಿದ್ದರೆ ವಾರ ಹತ್ತು ದಿನದಲ್ಲಿ ತೋಟವೆಲ್ಲ ಬಿಳಿಯಾಗುತ್ತದೆ. ಇದು ಕೊಡಗಿನವರಿಗೆ ಗೊತ್ತು. ಅದರ ಹಿಂದಿನ ಕಾರಣ ಎಲ್ಲರಿಗೂ ಗೊತ್ತಿಲ್ಲ. ಬಿಸಿಲಿಗೆ ಮೊಗ್ಗು ಸುಮ್ನೆ ಮಲಗಿರುತ್ತದೆ, ನೀರು ಬಿದ್ದಾಗ ಏಳುತ್ತದೆ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ರೋಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು, ಅದನ್ನು ಗಾಳಿ, ಜೇನು ತರಬೇಕು. ಹೂವು ಅರಳಿದ ದಿನವೇ ಜೋರು ಮಳೆ ಬಂದರೆ ರೋಬಸ್ಟಾ ಬೆಳೆಗಾರರು ಯಾಕೆ ತಲೆಮೇಲೆ ಕೈ ಇಡುತ್ತಾರೆ ಅಂತ ಆಗ ಅರ್ಥವಾಗುತ್ತದೆ.

ಇದನ್ನು ನಾನು ಮೊದಲು ಬರೆಯಲಿಲ್ಲ. ಹೇಳಿದೆ. ಬಸ್ಸಿಳಿದು ಮನೆಗೆ ಹೋಗುವ ತೋಟದ ದಾರಿಯಲ್ಲಿ ನಡೆಯುತ್ತಾ, ಜೊತೆಗೆ ಯಾರೋ ಇದ್ದಾರೆ ಅನ್ನುವ ಹಾಗೆ ಗಟ್ಟಿಯಾಗಿ ಹೇಳಿದೆ. ಮೊದಲ ಸಲ ಎಲ್ಲ ಕಲಸಿಹೋಗುತ್ತದೆ. ಹೋಗಲಿ. ಎರಡನೇ ಸಲ ಹೇಳುವಾಗ ಯಾವುದು ಮೊದಲು ಬರಬೇಕು ಅಂತ ಬಾಯಿಗೇ ಗೊತ್ತಾಗುತ್ತದೆ. ಮೂರು ಮುಖ್ಯ ವಿಷಯ ನಿಂತ ಮೇಲೆ ಕಾರ್ಡ್ ಮೇಲೆ ಬರೆದೆ: ‘ಮಲಗಿದ ಮೊಗ್ಗು’, ‘ಎರಡು ಜಾತಿ’, ‘ಅರಳಿದ ದಿನ ಮಳೆ’. ಅಷ್ಟೇ. ಪೂರ್ತಿ ಬಾಯಿಗೆ ಬರುವಂತೆ ಮಾಡಿಕೊಂಡದ್ದು ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ ಮಾತ್ರ. ಮೊದಲ ವಾಕ್ಯ ಗಟ್ಟಿ ಇದ್ದರೆ ಹೆದರಿಕೆಯ ಆ ಮೊದಲ ಅರ್ಧ ನಿಮಿಷ ದಾಟಬಹುದು. ಕೊನೆಯದು ಗಟ್ಟಿ ಇದ್ದರೆ ಎಲ್ಲಿ ನಿಲ್ಲಿಸಬೇಕು ಅಂತ ತಡಕಾಡಬೇಕಾಗಿಲ್ಲ. ನಡುವಿನದು ಪ್ರತಿ ಸಲ ಸ್ವಲ್ಪ ಬೇರೆ ಬೇರೆಯಾಗಿಯೇ ಬರಲಿ. ಬಾಯಿಪಾಠದವರಿಗೆ ಒಂದು ಸಾಲು ಜಾರಿದರೆ ಮುಂದಿನದೆಲ್ಲ ಜಾರುತ್ತದೆ. ಹೀಗೆ ತಯಾರಾದವರಿಗೆ ಒಂದು ಪದ ಸಿಗದಿದ್ದರೆ ಇನ್ನೊಂದು ಸಿಗುತ್ತದೆ.

ಸಮಯದ ಲೆಕ್ಕದಲ್ಲಿ ಕನ್ನಡದವರು ಒಂದು ವಿಷಯ ಗಮನಿಸಬೇಕು. ಇಂಗ್ಲಿಷ್ ಪುಸ್ತಕಗಳು ನಿಮಿಷಕ್ಕೆ 120ರಿಂದ 150 ಪದ ಅನ್ನುತ್ತವೆ. ನಮ್ಮಲ್ಲಿ ವಿಭಕ್ತಿ, ಕ್ರಿಯಾಪದದ ಬಾಲ ಎಲ್ಲ ಒಂದೇ ಪದಕ್ಕೆ ಅಂಟಿಕೊಂಡು ಪದ ಉದ್ದವಾಗುತ್ತದೆ. ಆ ಲೆಕ್ಕ ಹಿಡಿದು ಬರೆದರೆ ಐದು ನಿಮಿಷದ ಭಾಷಣ ಐದರಲ್ಲಿ ಮುಗಿಯುವುದಿಲ್ಲ. ಫೋನ್‌ನಲ್ಲಿ ರೆಕಾರ್ಡ್ ಮಾಡಿ ಗಡಿಯಾರ ನೋಡುವುದೇ ಸರಿಯಾದ ದಾರಿ. ರೆಕಾರ್ಡ್ ಕೇಳುವುದರಿಂದ ಇನ್ನೊಂದು ಲಾಭವೂ ಇದೆ. ‘ಅಂದ್ರೆ’, ‘ಮತ್ತೆ’, ‘ಹಂಗಾಗಿ’ ಎಷ್ಟು ಸಲ ಬರುತ್ತದೆ ಅಂತ ನಮ್ಮ ಕಿವಿಗೇ ಕೇಳಿಸುತ್ತದೆ. ಆ ಜಾಗದಲ್ಲೆಲ್ಲ ಸುಮ್ಮನೆ ನಿಲ್ಲುವ ಅಭ್ಯಾಸ ಮಾಡಿದರೆ ಅವು ತಾವಾಗಿಯೇ ಕಡಿಮೆಯಾಗುತ್ತವೆ.

ಕೊಡಗಿನಲ್ಲಿ ಜುಲೈ ತಿಂಗಳಲ್ಲಿ ಭಾಷಣ ಕಲಿಯುವವರಿಗೆ ಬೇರೆ ಕಡೆ ಇಲ್ಲದ ಒಂದು ಪರೀಕ್ಷೆ ಇದೆ. ಶೀಟಿನ ಮಾಡಿನ ಮೇಲೆ ಮಳೆ ಹುಯ್ಯುತ್ತಿರುತ್ತದೆ, ಕರೆಂಟ್ ಇರುವುದಿಲ್ಲ, ಮೈಕ್ ಪ್ರಶ್ನೆಯೇ ಇಲ್ಲ. ಅಂಥ ದಿನ ಮೇಡಂ ತರಗತಿ ಬಿಡುತ್ತಿರಲಿಲ್ಲ, ಅದನ್ನೇ ಪಾಠ ಮಾಡುತ್ತಿದ್ದರು. ಕಿರುಚಿದರೆ ದನಿ ತೆಳ್ಳಗಾಗಿ ಮಳೆಯೊಳಗೆ ಕಳೆದುಹೋಗುತ್ತದೆ. ಉಸಿರು ಹೊಟ್ಟೆಯಿಂದ ಬರಬೇಕು, ದನಿಯ ಶ್ರುತಿ ತಗ್ಗಿನಲ್ಲೇ ಇರಬೇಕು, ವೇಗ ಕಡಿಮೆಯಾಗಬೇಕು. ವಾಕ್ಯದ ಕೊನೆಯ ಪದ ನುಂಗಬಾರದು. ಕನ್ನಡದಲ್ಲಿ ಕ್ರಿಯಾಪದ ಬರುವುದೇ ಕೊನೆಗೆ. ‘ಬಂದರು’ ಅಂದಿರೋ ‘ಬರಲಿಲ್ಲ’ ಅಂದಿರೋ ಅಂತ ಕೇಳುಗರಿಗೆ ತಿಳಿಯುವುದು ಅಲ್ಲೇ. ಗದ್ದೆಯ ಆ ಬದಿಯಲ್ಲಿ ಇರುವವರನ್ನು ಕರೆಯುವಾಗ ನಮ್ಮ ಹಿರಿಯರು ಸ್ವರ ಎಳೆದು, ಒಂದೊಂದೇ ಪದ ಬಿಡಿಸಿ ಕೂಗುತ್ತಾರಲ್ಲ, ಬೇಕಾದದ್ದು ಅದೇ ಲೆಕ್ಕಾಚಾರ. ಕೊನೆಯ ಬೆಂಚಿನಲ್ಲಿ ಒಬ್ಬ ಗೆಳತಿಯನ್ನು ಕೂರಿಸಿ, ಕೇಳದಿದ್ದರೆ ಕೈ ಎತ್ತು ಅಂತ ಹೇಳಿಟ್ಟುಕೊಳ್ಳುತ್ತಿದ್ದೆವು. ಮಳೆಗಾಲದಲ್ಲಿ ಹೀಗೆ ಪಳಗಿದವರಿಗೆ ಬೇಸಿಗೆಯ ಸಭಾಂಗಣ ಏನೂ ಅನ್ನಿಸುವುದಿಲ್ಲ.

ಚೀಟಿ ಎತ್ತಿ ಮಾತಾಡುವುದು ಬೇಗ ರೂಢಿಯಾಯಿತು. ‘ತಪ್ಪಿದ ಬಸ್ಸು’ ಅಂತ ಬಂದರೆ ಒಂದು ಮಾತು ಹೇಳು, ಅದಕ್ಕೆ ನೀನು ಕಂಡ ಒಂದು ಘಟನೆ ಹೇಳು, ಕೂತುಕೋ. ಅಷ್ಟು ಸಾಕು.

ಮನಸ್ಸು ಒಲಿಸುವ ಭಾಷಣ ಎಲ್ಲಕ್ಕಿಂತ ಕಷ್ಟದ್ದು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದೂ ಅದೇ. ಅದಕ್ಕೆ ಕಲಿಸಿದ ಕ್ರಮವನ್ನು 1930ರ ದಶಕದಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಅಲನ್ ಮನ್ರೋ ರೂಪಿಸಿದ್ದು. ಗಮನ ಸೆಳೆಯುವುದು, ತೊಂದರೆ ತೋರಿಸುವುದು, ಪರಿಹಾರ ಹೇಳುವುದು, ಪರಿಹಾರ ಆದರೆ ಹೇಗಿರುತ್ತದೆ ಅಂತ ಕಣ್ಣಿಗೆ ಕಟ್ಟಿಸುವುದು, ಕೊನೆಗೆ ಏನು ಮಾಡಬೇಕು ಅಂತ ಕೇಳುವುದು. ನನ್ನ ವಿಷಯ ಜೇನು. ಕೊಡಗಿನ ಜೇನಿನ ಹೆಸರು ಎಲ್ಲರಿಗೂ ಗೊತ್ತು. 1991ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದಲ್ಲಿ ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿನ ಕುಟುಂಬಗಳನ್ನು ದೊಡ್ಡ ಪ್ರಮಾಣದಲ್ಲಿ ಅಳಿಸಿತು. ಆಮೇಲೆ ಎಷ್ಟೋ ಮನೆಗಳಲ್ಲಿ ಪೆಟ್ಟಿಗೆ ಖಾಲಿಯಾಗಿ ಅಟ್ಟ ಸೇರಿತು. ಈ ಪೆಟ್ಟಿಗೆಗಳು ಮತ್ತೆ ತೋಟಕ್ಕೆ ಇಳಿಯಬೇಕು ಅನ್ನುವುದು ನನ್ನ ಮಾತು.

ತಯಾರಿ ಮಾಡುವಾಗ ಮೇಡಂ ಒಂದೇ ಪ್ರಶ್ನೆ ಕೇಳಿದರು: ‘ನಿನ್ನ ಎದುರಿಗೆ ಯಾರು ಕೂತಿರುತ್ತಾರೆ?’ ತೋಟ ಇರುವವರ ಮಕ್ಕಳಿದ್ದರು. ತೋಟದ ಕೆಲಸದವರ ಲೈನ್ ಮನೆಗಳಿಂದ ಬರುವವರಿದ್ದರು. ಮಡಿಕೇರಿ ಪೇಟೆಯಲ್ಲೇ ಹುಟ್ಟಿ ಬೆಳೆದವರೂ ಇದ್ದರು. ಎಲ್ಲರಿಗೂ ‘ಪೆಟ್ಟಿಗೆ ಇಡಿ’ ಅಂದರೆ ಅರ್ಧ ಜನಕ್ಕೆ ಆ ಮಾತು ಸಲ್ಲುವುದೇ ಇಲ್ಲ. ಹಾಗಾಗಿ ಕೊನೆಯ ಬೇಡಿಕೆಯನ್ನು ಎರಡು ಮಾಡಿದೆ. ತೋಟ ಇರುವವರು ಒಂದು ಪೆಟ್ಟಿಗೆ ಇಡಿ, ಹೂವಿನ ದಿನಗಳಲ್ಲಿ ಔಷಧಿ ಹೊಡೆಯಬೇಡಿ. ತೋಟ ಇಲ್ಲದವರು, ಮನೆ ಹತ್ತಿರ ಗೂಡು ಕಂಡರೆ ಬೆಂಕಿ ಹಾಕುವ ಮೊದಲು ಜೇನು ಹಿಡಿಯಲು ಗೊತ್ತಿರುವವರನ್ನು ಕರೆಯಿರಿ. ಎದುರು ಮಾತನ್ನೂ ನಾನೇ ಎತ್ತಿದೆ. ‘ಜೇನು ಕಚ್ಚಿದರೆ ಕೆಲಸಕ್ಕೆ ಜನ ಬರುವುದಿಲ್ಲ’ ಅನ್ನುವುದು ನಿಜವಾದ ಚಿಂತೆ, ಅದನ್ನು ತಳ್ಳಿಹಾಕುವ ಹಾಗಿಲ್ಲ. ಅದಕ್ಕೆ ಹೆಜ್ಜೇನು ಮತ್ತು ತುಡುವೆಯ ವ್ಯತ್ಯಾಸ ಹೇಳಿದೆ. ಹೆಜ್ಜೇನು ತೆರೆದ ಜಾಗದಲ್ಲಿ ದೊಡ್ಡ ಹುಟ್ಟು ಕಟ್ಟುತ್ತದೆ, ಕೆಣಕಿದರೆ ಅಟ್ಟಿಸಿಕೊಂಡು ಬರುತ್ತದೆ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಸಾಧು. ಎದುರಿನವರ ಮಾತನ್ನು ನಾವೇ ಗೌರವದಿಂದ ಹೇಳಿದಾಗ ಅವರ ಮುಖ ಸಡಿಲವಾಗುವುದು ನಿಂತಲ್ಲಿಂದಲೇ ಕಾಣುತ್ತದೆ. ಭಾಷಣದಲ್ಲಿ ನನಗೆ ಅದಕ್ಕಿಂತ ಖುಷಿಯ ಕ್ಷಣ ಬೇರೆ ಇಲ್ಲ.

ಕೋರ್ಸ್ ಮುಗಿದ ಮೇಲೆ ನಮ್ಮೂರ ಗ್ರಾಮಸಭೆಯಲ್ಲಿ ಇದೇ ಕ್ರಮದಲ್ಲಿ ಮಾತಾಡಿದೆ. ವಿಷಯ ಸಂಜೆಯ ಬಸ್ಸು. ಕಾಲೇಜು ಬಿಟ್ಟು ಬರುವ ಹುಡುಗಿಯರು ಕತ್ತಲಲ್ಲಿ, ಆನೆ ಓಡಾಡುವ ದಾರಿಯಲ್ಲಿ ನಡೆಯಬೇಕಾಗುತ್ತದೆ. ‘ಬಸ್ಸು ಬೇಕು’ ಅಂತ ಸುಮ್ನೆ ಹೇಳಿದರೆ ‘ನೋಡೋಣ’ ಅಂತ ಉತ್ತರ ಬರುತ್ತದೆ. ಹಾಗಾಗಿ ಬೇಡಿಕೆ ಚಿಕ್ಕದು, ಖಚಿತವಾದದ್ದು ಇಟ್ಟುಕೊಂಡೆ: ಈಗಿರುವ ಬಸ್ಸನ್ನೇ ಸ್ವಲ್ಪ ತಡವಾಗಿ ಬಿಡಲು ಈ ಸಭೆ ನಿರ್ಣಯ ಮಾಡಿ ಡಿಪೋಗೆ ಬರೆಯಲಿ. ಒಬ್ಬರು ಎದ್ದು, ಆ ಬಸ್ಸಿಗೆ ಕಾಯುವ ಕೂಲಿ ಕೆಲಸದವರಿಗೆ ತೊಂದರೆ ಆಗುವುದಿಲ್ಲವಾ ಅಂತ ಕೇಳಿದರು. ಕೋರ್ಸ್‌ನಲ್ಲಿ ಕಲಿತ ಹಾಗೆ ಮೊದಲು ಆ ಪ್ರಶ್ನೆಯನ್ನು ಎಲ್ಲರಿಗೂ ಕೇಳುವಂತೆ ನಾನೇ ಇನ್ನೊಮ್ಮೆ ಹೇಳಿದೆ. ಹಿಂದೆ ಕೂತವರಿಗೆ ಪ್ರಶ್ನೆ ಕೇಳಿರುವುದಿಲ್ಲ, ನಮಗೂ ಯೋಚಿಸಲು ಒಂದು ಗಳಿಗೆ ಸಿಗುತ್ತದೆ. ಆಮೇಲೆ ಅಲ್ಲೇ ಕೂತಿದ್ದ ಕೆಲಸದವರನ್ನೇ ಕೇಳೋಣ ಅಂದೆ. ಅವರು ಕೆಲಸ ಬಿಡುವ ಹೊತ್ತು ಹೇಳಿದರು, ಇಬ್ಬರಿಗೂ ಹೊಂದುವ ಸಮಯ ಅಲ್ಲೇ ಸಿಕ್ಕಿತು. ಸಭೆ ಮುಗಿಸುವ ಮೊದಲು ಆ ನಿರ್ಣಯವನ್ನು ನಡಾವಳಿ ಪುಸ್ತಕದಿಂದ ಒಮ್ಮೆ ಗಟ್ಟಿಯಾಗಿ ಓದಿ ಅಂತ ಕೇಳಿದೆ. ಓದಿದರು. ಪತ್ರ ಈಗ ಡಿಪೋಗೆ ಹೋಗಿದೆ. ಮುಂದಿನ ಸಭೆಯಲ್ಲಿ ಅದರ ಉತ್ತರ ಏನಾಯಿತು ಅಂತ ಕೇಳುವ ಸರದಿ ನನ್ನ ತಂಗಿಯದು. ಅವಳ ಕಾರ್ಡ್ ಮೇಲೆ ಸದ್ಯಕ್ಕೆ ಎರಡು ಪದ ಇದೆ, ಮೂರನೆಯದು ಹುಡುಕುತ್ತಿದ್ದಾಳೆ.