2267ನೆಯ ಕಂಡಿಕೆ ಮತ್ತು ನಮ್ಮ ಭಾನುವಾರದ ಓದು

ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದ ಮೇಲೆ, ಬೆಳಗಾವಿಯ ಕ್ಯಾಂಪ್ ಭಾಗದ ಚರ್ಚೊಂದರ ಹಿಂದಿನ ಕೊಠಡಿಯಲ್ಲಿ ಭಾನುವಾರದ ಕನ್ನಡ ಬಲಿಪೂಜೆಯ (ಮಾಸ್) ನಂತರ ಹತ್ತು ಹನ್ನೆರಡು ಜನರನ್ನು ಕೂಡಿಸಿಕೊಂಡು ಧರ್ಮಸಭೆಯ, ಎಂದರೆ ಕಥೋಲಿಕ ಚರ್ಚಿನ, ಅಧಿಕೃತ ದಾಖಲೆಗಳನ್ನು ಓದುವ ಕೆಲಸಕ್ಕೆ ಕೈಹಾಕಿದೆ. ಮಕ್ಕಳಿಗೆ ಧರ್ಮೋಪದೇಶ ಹೇಳಿ ರೂಢಿಯಿತ್ತು. ದೊಡ್ಡವರಿಗೆ ಓದಿ ಹೇಳುವುದು ಅದಕ್ಕಿಂತ ಸುಲಭವೆಂದು ತಿಳಿದಿದ್ದೆ. ಆ ತಿಳಿವಳಿಕೆ ಎಷ್ಟು ತಪ್ಪಾಗಿತ್ತೆಂಬುದನ್ನು ಮರಣದಂಡನೆಯನ್ನು ಕುರಿತ ಒಂದೇ ಒಂದು ಕಂಡಿಕೆ ನನಗೆ ತೋರಿಸಿಕೊಟ್ಟಿತು. ಅದನ್ನು ಓದಿಸಿದ ಬಗೆಯನ್ನೂ ಅದರಲ್ಲಿ ನಾನು ಎಡವಿದ ಬಗೆಯನ್ನೂ ಇಲ್ಲಿ ಬರೆಯುತ್ತಿದ್ದೇನೆ.

ನಾವು ಹಿಡಿದ ಪುಸ್ತಕ ಕಥೋಲಿಕ ಧರ್ಮಸಭೆಯ ಬೋಧನೆಗಳನ್ನು ಒಂದೆಡೆ ಕೂಡಿಸಿಕೊಟ್ಟಿರುವ ಧರ್ಮೋಪದೇಶ ಗ್ರಂಥ. ಆಗಿನ ಪೋಪ್ ಎರಡನೆಯ ಜಾನ್ ಪೌಲರು 1992ರ ಅಕ್ಟೋಬರ್ 11ರಂದು ಇದನ್ನು ಪ್ರಕಟಿಸಿದರು. ಜಗತ್ತಿನ ಧರ್ಮಾಧ್ಯಕ್ಷರು (ಬಿಷಪ್ಪರು) ಕೂಡಿದ ದ್ವಿತೀಯ ವ್ಯಾಟಿಕನ್ ಮಹಾಸಭೆ ಆರಂಭವಾದದ್ದೂ 1962ರ ಅದೇ ದಿನ. ಮೂವತ್ತು ವರ್ಷ ತುಂಬಿದ ದಿನವನ್ನೇ ನೋಡಿ ಆರಿಸಿಕೊಂಡಿದ್ದರು. ಗ್ರಂಥದಲ್ಲಿ ನಾಲ್ಕು ಭಾಗಗಳಿವೆ: ವಿಶ್ವಾಸ, ಸಂಸ್ಕಾರಗಳು, ನಡತೆ ಮತ್ತು ಪ್ರಾರ್ಥನೆ. ಒಟ್ಟು 2865 ಕಂಡಿಕೆಗಳು. ಪ್ರತಿಯೊಂದಕ್ಕೂ ಸಂಖ್ಯೆಯಿದೆ, ಅಂಚಿನಲ್ಲಿ ಸಂಬಂಧಪಟ್ಟ ಬೇರೆ ಕಂಡಿಕೆಗಳ ಸಂಖ್ಯೆಗಳಿವೆ. ಈ ಅಂಚಿನ ಸಂಖ್ಯೆಗಳನ್ನು ಹಿಡಿದು ಹಿಂದೆ ಮುಂದೆ ಹೋಗುವುದನ್ನು ಮೊದಲೇ ಕಲಿಸದಿದ್ದರೆ ಓದುವವರು ಪುಸ್ತಕವನ್ನು ನಿಘಂಟಿನಂತೆ ಬಳಸಲು ತೊಡಗುತ್ತಾರೆ, ಬೇಕಾದ ವಾಕ್ಯವೊಂದನ್ನು ಕಿತ್ತುಕೊಂಡು ಹೋಗಿಬಿಡುತ್ತಾರೆ. ಮೊದಲ ವರ್ಷ ನಾನೂ ಹಾಗೆಯೇ ಮಾಡಿದ್ದೆ.

ನಾವು ಐದನೆಯ ಆಜ್ಞೆಗೆ, ಎಂದರೆ "ಕೊಲೆ ಮಾಡಬೇಡ" ಎಂಬಲ್ಲಿಗೆ ಬಂದಾಗ ಮರಣದಂಡನೆಯ ಮಾತು ಬಂತು. ಬೇರೆ ಊರಿನಲ್ಲಾಗಿದ್ದರೆ ಈ ಕಂಡಿಕೆಯನ್ನು ಹತ್ತು ನಿಮಿಷದಲ್ಲಿ ದಾಟಿಬಿಡಬಹುದಿತ್ತು. ಆದರೆ ಕರ್ನಾಟಕದ ಗಲ್ಲುಗಂಬವಿರುವುದು ನಮ್ಮ ಹಿಂಡಲಗಾ ಜೈಲಿನಲ್ಲಿ. ನಮ್ಮ ಕೊಠಡಿಯಿಂದ ಅದು ದೂರವೇನಲ್ಲ. ಬಳಗದಲ್ಲಿ ಜೈಲಿನಲ್ಲಿ ಕಾವಲು ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರಿದ್ದರು, ಕೈದಿಗಳನ್ನು ಕಾಣಲು ಹೋಗಿಬರುತ್ತಿದ್ದ ಸಿಸ್ಟರ್ ಒಬ್ಬರಿದ್ದರು, ಸಿವಿಲ್ ಕೋರ್ಟಿನ ವಕೀಲರೊಬ್ಬರಿದ್ದರು. ಹೀಗಾಗಿ ಆ ಪುಟದ ಮೇಲೆ ಎಲ್ಲರ ಕಣ್ಣೂ ಇತ್ತು.

ನನ್ನ ಬಳಿ ಇದ್ದುದು 1994ರ ಇಂಗ್ಲಿಷ್ ಅನುವಾದದ ಪ್ರತಿ. ಅದನ್ನೇ ಇಟ್ಟುಕೊಂಡು ಕನ್ನಡದಲ್ಲಿ ಎರಡು ಪುಟದ ಟಿಪ್ಪಣಿ ಮಾಡಿ, ಝೆರಾಕ್ಸ್ ತೆಗೆಸಿ ಹಂಚಿದೆ. ತೀರಾ ಘೋರ ಅಪರಾಧಗಳಲ್ಲಿ ಮರಣದಂಡನೆಯನ್ನೂ ಹೊರತುಪಡಿಸದೆ ಶಿಕ್ಷಿಸುವ ಹಕ್ಕು ಸರ್ಕಾರಕ್ಕಿದೆ ಎಂದು 2266ರಲ್ಲಿತ್ತು. ರಕ್ತ ಹರಿಸದ ಉಪಾಯಗಳಿಂದಲೇ ಜನರನ್ನು ಕಾಪಾಡಬಹುದಾದರೆ ಸರ್ಕಾರ ಅಷ್ಟಕ್ಕೇ ನಿಲ್ಲಬೇಕು ಎಂದು 2267ರಲ್ಲಿತ್ತು. ಇದೇ ಧರ್ಮಸಭೆಯ ಬೋಧನೆಯೆಂದು ಎರಡು ವಾರ ವಿವರಿಸಿದೆ. ಮೂರನೆಯ ವಾರ ಆರ್‌ಪಿಡಿ ಕಾಲೇಜಿನಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳು ಫೋನು ಹಿಡಿದುಕೊಂಡು ಎದ್ದು ನಿಂತಳು. "ಸರ, ನಂಬರ್ ಅದ ಐತ್ರಿ, ಆದ್ರ ಇದರಾಗ ಬ್ಯಾರೆ ಬರದಾರಲ್ರಿ" ಎಂದಳು. ವ್ಯಾಟಿಕನ್ನಿನ ಜಾಲತಾಣದಲ್ಲಿದ್ದ ಪಾಠ, ಎಂದರೆ ಆ ಕಂಡಿಕೆಯ ಒಕ್ಕಣೆ, ಅದು. ನಾನು ಹಂಚಿದ್ದಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಮನೆಗೆ ಹೋಗಿ ಕೂತು ನೋಡಿದಾಗ ತಿಳಿದದ್ದು, ಆ ಒಂದು ಸಂಖ್ಯೆಯ ಕೆಳಗೆ ಮೂವತ್ತು ವರ್ಷಗಳೊಳಗೆ ಮೂರು ಪಾಠಗಳು ಬಂದುಹೋಗಿವೆ. ಮೊದಲನೆಯದು 1992ರದ್ದು, ನನ್ನ ಪ್ರತಿಯಲ್ಲಿದ್ದದ್ದು. ಬಳಿಕ 1995ರ ಮಾರ್ಚ್ 25ರಂದು ಜಾನ್ ಪೌಲರು ಜೀವದ ಶುಭಸಂದೇಶವನ್ನು ಕುರಿತು 'ಇವಾಂಜೇಲಿಯುಮ್ ವೀತೇ' ಎಂಬ ವಿಶ್ವಪತ್ರ, ಎಂದರೆ ಇಡೀ ಧರ್ಮಸಭೆಗೆ ಪೋಪರು ಬರೆಯುವ ಬೋಧನೆಯ ಪತ್ರ, ಬರೆದರು. ಇಂದಿನ ಕಾಲದಲ್ಲಿ ಅಂಥ ಶಿಕ್ಷೆ ಅನಿವಾರ್ಯವಾಗುವ ಸಂದರ್ಭಗಳು ತೀರಾ ವಿರಳ, ಕಾರ್ಯತಃ ಇಲ್ಲವೆಂದೇ ಹೇಳಬಹುದು ಎಂದು ಅದರ 56ನೆಯ ಕಂಡಿಕೆಯಲ್ಲಿ ಹೇಳಿದರು. ಧರ್ಮೋಪದೇಶದ ಪ್ರಮಾಣಭೂತ ಲ್ಯಾಟಿನ್ ಪಾಠ 1997ರಲ್ಲಿ ಹೊರಬಂದಾಗ ಆ ಮಾತನ್ನೇ 2267ಕ್ಕೆ ಸೇರಿಸಿದರು. ಅದು ಎರಡನೆಯ ಪಾಠ. ಫ್ರಾನ್ಸಿಸ್ ಪೋಪರ ಅನುಮೋದನೆಯಿಂದ 2018ರ ಆಗಸ್ಟ್ 2ರಂದು ಪ್ರಕಟವಾದದ್ದು ಮೂರನೆಯದು: ಮರಣದಂಡನೆಯು ಮನುಷ್ಯನ ಉಲ್ಲಂಘಿಸಲಾಗದ ಘನತೆಗೆ ವಿರುದ್ಧವಾದುದರಿಂದ ಅದನ್ನು ಒಪ್ಪಲಾಗದು, ಜಗತ್ತಿನೆಲ್ಲೆಡೆ ಅದರ ರದ್ದತಿಗಾಗಿ ಧರ್ಮಸಭೆ ದೃಢವಾಗಿ ಶ್ರಮಿಸುತ್ತದೆ. ನಾನು ಅಧಿಕೃತವೆಂದು ಓದಿಸಿದ್ದು ಇಪ್ಪತ್ತು ವರ್ಷಕ್ಕೂ ಹಿಂದೆ ಬದಲಾಗಿದ್ದ ಪಾಠವನ್ನು. ಮುಂದಿನ ಭಾನುವಾರ ಎಲ್ಲರಿಂದಲೂ ಝೆರಾಕ್ಸ್ ಹಾಳೆಗಳನ್ನು ಮರಳಿ ಪಡೆದೆ. ಮಾಸ್ತರಿಕೆಯಲ್ಲಿ ಅಷ್ಟು ನಾಚಿಕೆಯಾದದ್ದು ನೆನಪಿಲ್ಲ.

ಅಂದಿನಿಂದ ಒಂದು ರೂಢಿ ಮಾಡಿಕೊಂಡೆ. ಯಾವ ದಾಖಲೆಯನ್ನು ತೆರೆದರೂ ಮೊದಲ ವಾಕ್ಯ ಓದುವುದಕ್ಕೆ ಮುಂಚೆ ಅದು ಯಾವ ಜಾತಿಯ ಬರಹ, ಯಾರ ಸಹಿ, ಯಾವ ತಾರೀಖು, ಅನಂತರ ತಿದ್ದುಪಡಿಯಾಗಿದೆಯೇ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯ 16 ದಾಖಲೆಗಳೆಲ್ಲ ಒಂದೇ ತೂಕದವಲ್ಲ. ಅವುಗಳಲ್ಲಿ ನಾಲ್ಕು ಸಂವಿಧಾನಗಳು, ಒಂಬತ್ತು ಆಜ್ಞಪ್ತಿಗಳು, ಮೂರು ಘೋಷಣೆಗಳು. ವಿಶ್ವಪತ್ರ ಬೇರೆ, ಪ್ರಬೋಧನ ಪತ್ರ ಬೇರೆ, ವಿಮಾನದಲ್ಲಿ ಪತ್ರಕರ್ತರಿಗೆ ಪೋಪರು ಹೇಳಿದ ಮಾತು ಇನ್ನೂ ಬೇರೆ. ವಾಟ್ಸ್ಆ್ಯಪಿನಲ್ಲಿ ಬರುವುದು ಹೆಚ್ಚಾಗಿ ಈ ಕೊನೆಯದೇ, ಅದೂ ತಲೆಬಾಲವಿಲ್ಲದೆ. ಅಂದ ಹಾಗೆ, ನಮ್ಮ ಕಥೋಲಿಕ ಕನ್ನಡದಲ್ಲಿ ಪೋಪರಿಗೆ ಜಗದ್ಗುರುಗಳು ಎನ್ನುವ ಬಳಕೆಯಿದೆ. ಈ ಸೀಮೆಯಲ್ಲಿ ಆ ಪದ ಕಿವಿಗೆ ಬಿದ್ದರೆ ಮಠದ ಸ್ವಾಮಿಗಳೇ ಕಣ್ಣಮುಂದೆ ಬರುವುದರಿಂದ ನಾನು ಟಿಪ್ಪಣಿಗಳಲ್ಲಿ ಪೋಪ್ ಎಂದೇ ಬರೆಯುತ್ತೇನೆ.

ಹೊಸ ಪಾಠವನ್ನು ಕನ್ನಡಕ್ಕೆ ತರುವಾಗ ಒಂದು ಪದಕ್ಕೆ ಮೂರು ಭಾನುವಾರ ಹಿಡಿಯಿತು. ಲ್ಯಾಟಿನ್ನಿನಲ್ಲಿ 'ನೋನ್ ಪೊಸ್ಸೆ ಅದ್ಮಿತ್ತಿ' ಎಂದಿದೆ. ಒಳಗೆ ಬಿಟ್ಟುಕೊಳ್ಳಲು ಬಾರದು ಎಂಬುದು ಅದರ ನೇರ ಅರ್ಥ. ನಾನು ಮೊದಲು 'ಅಸ್ವೀಕಾರಾರ್ಹ' ಎಂದು ಬರೆದೆ. ಓದುವಾಗ ನನ್ನ ನಾಲಿಗೆಯೇ ತೊಡರಿತು, ಅರ್ಜಿ ತಿರಸ್ಕರಿಸಿದ ಕಚೇರಿಯ ಭಾಷೆಯಂತೆಯೂ ಕೇಳಿಸಿತು. ಸಿಸ್ಟರ್ 'ಮಹಾಪಾಪ' ಎಂದೇ ಬರೆಯಿರಿ ಎಂದರು. ಅದಕ್ಕೆ ನಾನು ಒಪ್ಪಲಿಲ್ಲ. ಆ ಕಂಡಿಕೆಯನ್ನು ಬರೆದವರು ಪಾಪ ಎಂಬ ಪದವನ್ನು ಬಳಸಿಲ್ಲ; ಸ್ವಭಾವತಃ ಕೆಡುಕು ಎಂಬ ಹಳೆಯ ನೀತಿಶಾಸ್ತ್ರದ ಪರಿಭಾಷೆಯನ್ನೂ ಬಳಸಿಲ್ಲ. ಅವರು ಅಳೆದು ತೂಗಿ ಬಿಟ್ಟ ಪದವನ್ನು ಅನುವಾದದಲ್ಲಿ ನಾವು ತುರುಕಿದರೆ ಅದು ನಮ್ಮ ಬೋಧನೆಯಾಗುತ್ತದೆ, ಧರ್ಮಸಭೆಯದಲ್ಲ. 'ನಿಷಿದ್ಧ' ಎಂದರೆ ಬರೀ ಕಟ್ಟಳೆಯ ಮಾತಾಗುತ್ತದೆ. ಕೊನೆಗೆ 'ಸಲ್ಲದು' ಎಂಬ ಪದ ನಿಂತಿತು. ನ್ಯಾಯಕ್ಕೆ ಸಲ್ಲದು, ಮನುಷ್ಯತ್ವಕ್ಕೆ ಸಲ್ಲದು ಎಂದು ನಮ್ಮ ಜನ ದಿನವೂ ಆಡುವ ಮಾತದು. ಅದರಲ್ಲಿ ನಿರಾಕರಣೆಯೂ ಇದೆ, ಕಾರಣವನ್ನು ಕೇಳಿಕೊಳ್ಳುವ ಎಡೆಯೂ ಇದೆ.

ವಕೀಲರು ಎತ್ತಿದ ಪ್ರಶ್ನೆ ಬೇರೆಯದು. 1980ರಲ್ಲಿ ಬಚನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅಪರೂಪದಲ್ಲಿ ಅಪರೂಪವಾದ ಪ್ರಕರಣಗಳಿಗೆ ಮಾತ್ರ ಗಲ್ಲು ಎಂದು ಹೇಳಿತಲ್ಲ, 1997ರ ಪಾಠದಲ್ಲಿರುವ 'ತೀರಾ ವಿರಳ' ಎಂಬುದೂ ಅದೇ ಅಲ್ಲವೇ ಎಂದು ಕೇಳಿದರು. ಮೇಲ್ನೋಟಕ್ಕೆ ನನಗೂ ಹಾಗೆಯೇ ಕಂಡಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದಾಗ ಅಂತರ ತಿಳಿಯಿತು. ಅಪರಾಧ ಎಂಥದು, ಅಪರಾಧಿ ಎಂಥವನು, ಜೀವಾವಧಿ ಶಿಕ್ಷೆ ಸಾಲದೆಂದು ಹೇಳುವಂತಿದೆಯೇ ಎಂಬುದನ್ನು ನ್ಯಾಯಾಲಯ ತೂಗಿ ನೋಡುತ್ತದೆ. 1997ರ ಪಾಠ ಕೇಳುವುದು ಒಂದನ್ನೇ: ಇವನನ್ನು ಕೊಲ್ಲದೆ ಉಳಿದವರ ಜೀವ ಉಳಿಸಲು ಬೇರೆ ದಾರಿಯೇ ಇಲ್ಲವೇ? ಅಪರಾಧ ಎಷ್ಟೇ ಘೋರವಾಗಿರಲಿ, ಅಪರಾಧಿ ಭದ್ರವಾದ ಜೈಲಿನಲ್ಲಿದ್ದರೆ ಆ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಸಿಕ್ಕಂತೆಯೇ. ಒಂದೇ ಬಗೆಯ ಪದಗಳಿದ್ದಾಕ್ಷಣ ಒಂದೇ ವಿಚಾರವೆಂದುಕೊಳ್ಳಬಾರದೆಂದು ನನಗೆ ಮನವರಿಕೆಯಾದದ್ದು ಈ ಚರ್ಚೆಯಲ್ಲಿ.

ಆದರೆ ನನ್ನನ್ನು ನಿಜವಾಗಿ ಕಟ್ಟಿಹಾಕಿದ್ದು ಜೈಲಿನಲ್ಲಿ ದುಡಿದ ಹಿರಿಯರ ಮಾತು. ಅದುವರೆಗೆ ಸುಮ್ಮನೆ ಕೇಳುತ್ತಿದ್ದವರು ಒಂದು ದಿನ, "ಮಾಸ್ತರ, ಹಂಗಾದ್ರ ನಮ್ಮ ಅಪ್ಪಗ ಆಗಿನ ಸ್ವಾಮಿಗೋಳು ಕಲಿಸಿದ್ದು ಸುಳ್ಳೇನ್ರಿ?" ಎಂದು ಕೇಳಿದರು. ಸ್ವಾಮಿಗಳು ಎಂದು ಅವರು ಹೇಳಿದ್ದು ಚರ್ಚಿನ ಪಾದ್ರಿಗಳನ್ನು. ಇದು ವಿದ್ವಾಂಸರನ್ನೂ ಕಾಡಿದ ಪ್ರಶ್ನೆ. 2018ರ ತಿದ್ದುಪಡಿಯನ್ನು ಕೆಲವು ಕಥೋಲಿಕ ಪಂಡಿತರೇ ಬಹಿರಂಗವಾಗಿ ಆಕ್ಷೇಪಿಸಿದ್ದರು. ಅದನ್ನು ಬಳಗದಿಂದ ಮುಚ್ಚಿಡಲಿಲ್ಲ. ತಿದ್ದುಪಡಿಯ ಜೊತೆಗೆ, ಬೋಧನೆಯ ವಿಷಯಗಳನ್ನು ನೋಡಿಕೊಳ್ಳುವ ವ್ಯಾಟಿಕನ್ನಿನ ಕಚೇರಿಯಾದ ವಿಶ್ವಾಸ ಬೋಧನೆಯ ಪೀಠವು ಧರ್ಮಾಧ್ಯಕ್ಷರಿಗೆ ಬರೆದ ಪತ್ರವನ್ನು ಓದಿ ಹೇಳಿದೆ. ಇದು ಬೋಧನೆಯ ಬೆಳವಣಿಗೆಯೇ ಹೊರತು ಹಿಂದಿನದಕ್ಕೆ ವಿರುದ್ಧವಲ್ಲ. ಘೋರ ಅಪರಾಧದ ನಂತರವೂ ಮನುಷ್ಯನ ಘನತೆ ಅಳಿಯುವುದಿಲ್ಲವೆಂಬ ಅರಿವು ಬೆಳೆದಿದೆ, ಶಿಕ್ಷೆಯ ಅರ್ಥವನ್ನು ಕುರಿತ ತಿಳಿವಳಿಕೆ ಬದಲಾಗಿದೆ, ಬಂಧನದ ವ್ಯವಸ್ಥೆಗಳು ಭದ್ರವಾಗಿವೆ ಎಂಬುದು ಅದರ ವಾದ. ಈ ಪತ್ರವಿಲ್ಲದೆ ಬರೀ 2267ನ್ನು ಓದಿಸುವುದು ಅರ್ಧ ಕೆಲಸವೆಂದು ನನ್ನ ಅಭಿಪ್ರಾಯ.

ಜೊತೆಗೆ ಇತಿಹಾಸವನ್ನೂ ಹೇಳಬೇಕಾಯಿತು. ಪೋಪರ ಆಳ್ವಿಕೆಯ ಸಂಸ್ಥಾನಗಳಲ್ಲಿ ಹಿಂದೆ ಮರಣದಂಡನೆ ನಡೆಯುತ್ತಿತ್ತು. 1796ರಿಂದ 1864ರವರೆಗೆ ಅಲ್ಲಿ ವಧಕಾರನಾಗಿದ್ದ ಬುಗಾತ್ತಿ ಎಂಬವನು ತನ್ನ ಕೈಯಿಂದ ಆದ 516 ಶಿಕ್ಷೆಗಳ ಲೆಕ್ಕ ಇಟ್ಟಿದ್ದಾನೆ. ವ್ಯಾಟಿಕನ್ ನಗರರಾಜ್ಯವು ತನ್ನ ಕಾನೂನಿನಿಂದ ಈ ಶಿಕ್ಷೆಯನ್ನು ತೆಗೆದದ್ದು 1969ರಲ್ಲಿ, ಆರನೆಯ ಪೌಲರ ಕಾಲದಲ್ಲಿ. ಹಿರಿಯರು ಅದನ್ನು ಕೇಳಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಲೆಕ್ಕಾ ಇಟ್ಟಿದ್ನಾ?" ಎಂದಷ್ಟೇ ಕೇಳಿದರು.

ಇಂಥ ಹೊತ್ತಿನಲ್ಲಿ ಬೈಬಲಿನ ಒಂದೊಂದು ವಾಕ್ಯ ಎಸೆದು ಗೆಲ್ಲುವ ಚಪಲ ಎಲ್ಲರಿಗೂ ಇರುತ್ತದೆ. ರಕ್ತ ಸುರಿಸಿದವನ ರಕ್ತ ಸುರಿಯಬೇಕೆಂಬ ಮಾತು ಆದಿಕಾಂಡದ 9ನೆಯ ಅಧ್ಯಾಯದಲ್ಲಿದೆ. ತಮ್ಮನನ್ನು ಕೊಂದ ಕಾಯಿನನನ್ನು ಯಾರೂ ಕೊಲ್ಲಬಾರದೆಂದು ದೇವರೇ ಅವನಿಗೆ ಗುರುತು ಹಾಕಿದ ಮಾತು ಅದೇ ಗ್ರಂಥದ 4ನೆಯ ಅಧ್ಯಾಯದಲ್ಲಿದೆ. ಎರಡನ್ನೂ ಹಲಗೆಯ ಮೇಲೆ ಬರೆದು ಹಾಗೆಯೇ ಬಿಟ್ಟೆ. 2020ರ ಅಕ್ಟೋಬರ್ 3ರ 'ಫ್ರತೆಲ್ಲಿ ತುತ್ತಿ' ವಿಶ್ವಪತ್ರದಲ್ಲಿ ಫ್ರಾನ್ಸಿಸರು 263ರಿಂದ 270ರವರೆಗಿನ ಕಂಡಿಕೆಗಳಲ್ಲಿ ಈ ವಿಷಯವನ್ನು ಮತ್ತೆ ವಿಸ್ತರಿಸಿದ್ದಾರೆ. ಜೀವಾವಧಿ ಸೆರೆಯನ್ನೂ ಅವರು ಮುಚ್ಚುಮರೆಯ ಮರಣದಂಡನೆ ಎನ್ನುತ್ತಾರೆ. ಕೈದಿಗಳನ್ನು ಕಂಡು ಬಂದಿದ್ದ ಸಿಸ್ಟರ್ ಅದನ್ನು ಎರಡು ಸಲ ಓದಿಸಿದರು. ನನಗೆ ಆ ಮಾತು ಪೂರ್ತಿ ದಕ್ಕಿಲ್ಲ. ಗಲ್ಲಿಗೆ ಬದಲು ಜೀವಾವಧಿ ಎಂದು ವಾದಿಸುತ್ತಿದ್ದ ನಮ್ಮ ವಕೀಲರಿಗಂತೂ ಅದು ಇನ್ನೂ ಗಂಟಲಲ್ಲಿಯೇ ಇದೆ.

ಹೊಸ ಪಾಠದ ಕನ್ನಡವನ್ನು ಒಪ್ಪಮಾಡಿ ಚೀಟಿಯಲ್ಲಿ ಬರೆದು ಪುಸ್ತಕದ ಆ ಪುಟಕ್ಕೆ ಅಂಟಿಸಲು ಗೋಂದಿನ ಬಾಟಲಿ ತೆಗೆದಾಗ ಹಿರಿಯರು ಕೈ ಹಿಡಿದರು. ಮೇಲಿನ ಅಂಚಿಗೆ ಮಾತ್ರ ಹಚ್ಚಿರಿ, ಕೆಳಗಿನದು ಕಾಣುವಂತಿರಲಿ ಎಂದರು. ಹಾಗೆಯೇ ಅಂಟಿಸಿದೆ. ಚೀಟಿಯನ್ನು ಎತ್ತಿದರೆ 1992ರ ಪಾಠ ಅಲ್ಲಿಯೇ ಇದೆ. ಚೀಟಿಯ ಮೂಲೆಯಲ್ಲಿ ಪೆನ್ಸಿಲಿನಿಂದ ತಾರೀಖು ಬರೆದಿದ್ದೇನೆ.