ಅಪ್ಪ ಅಮ್ಮನನ್ನು ಜಪಾನಿಗೆ ಕರೆಸುವ ಮುಂಚೆ: 90 ದಿನ, ಮಾತ್ರೆ, ವಿಮೆ

ಟಿಕೆಟ್ ಬುಕ್ ಮಾಡುವ ಮುಂಚೆ ಒಂದು ವಿಷಯ ತಿಳಿದಿರಲಿ. ಜಪಾನಿನಲ್ಲಿ ಅಪ್ಪ ಅಮ್ಮನಿಗೆ ಸಿಗುವುದು ಹೆಚ್ಚೆಂದರೆ 90 ದಿನ. ಹೆಂಡತಿ ಅಥವಾ ಗಂಡ, ಮಕ್ಕಳು, ಇವರಿಗೆ ಡಿಪೆಂಡೆಂಟ್ ವೀಸಾ ಇದೆ, ಹೆತ್ತವರಿಗೆ ಇಲ್ಲ. ಬಂದ ಮೇಲೆ ಮುಂದುವರಿಸಿಕೊಂಡರಾಯ್ತು ಅಂತ ಲೆಕ್ಕ ಹಾಕಬೇಡಿ. ಗಂಭೀರವಾದ ಕಾಯಿಲೆಯಂಥ ಗಟ್ಟಿ ಕಾರಣ ಇಲ್ಲದೆ ಇಮಿಗ್ರೇಷನ್ ಕಚೇರಿ ಸಾಮಾನ್ಯವಾಗಿ ಒಪ್ಪುವುದಿಲ್ಲ.

ಅಮ್ಮ ಬಾಣಂತನಕ್ಕೆ ಬರುವುದಾದರೆ ಈ 90 ದಿನ ಇನ್ನೂ ಬಿಗಿ. ಹೆರಿಗೆಗೆ ತಿಂಗಳು ಮೊದಲೇ ಬಂದರೆ ಮಗುವಿಗೆ ಎರಡು ತಿಂಗಳು ತುಂಬುವಷ್ಟರಲ್ಲಿ ವಾಪಸ್ ಹೊರಡಬೇಕು. ಅದಕ್ಕೇ ಎಷ್ಟೋ ಮನೆಗಳಲ್ಲಿ ಮೊದಲು ಅಮ್ಮ, ಆಮೇಲೆ ಅತ್ತೆ ಅಂತ ಸರದಿ ಹಾಕಿಕೊಳ್ಳುತ್ತಾರೆ. ಒಂದು ವಿನಾಯಿತಿ ಇದೆ. ನಿಮ್ಮದು ಹೈಲಿ ಸ್ಕಿಲ್ಡ್ ಪ್ರೊಫೆಷನಲ್, ಅಂದರೆ ಹೆಚ್ಚಿನ ಪರಿಣತಿ ಇರುವವರಿಗೆ ಕೊಡುವ ವೀಸಾ ಆಗಿದ್ದು, ಮನೆಯ ವರ್ಷದ ಆದಾಯ 80 ಲಕ್ಷ ಯೆನ್ ಅಥವಾ ಜಾಸ್ತಿ ಇದ್ದು, ಮನೆಯಲ್ಲಿ 7 ವರ್ಷ ತುಂಬದ ಮಗು ಇದ್ದರೆ ಅಥವಾ ಬಸುರಿ ಇದ್ದರೆ, ಹೆತ್ತವರು ನಿಮ್ಮ ಜೊತೆಗೇ ವಾಸವಿರುವ ಷರತ್ತಿನ ಮೇಲೆ ಹೆಚ್ಚು ಕಾಲ ಇರಬಹುದು. ಅದೂ ಗಂಡನ ಕಡೆಯವರು ಅಥವಾ ಹೆಂಡತಿ ಕಡೆಯವರು, ಯಾರಾದರೂ ಒಂದೇ ಕಡೆಯವರು.

ಉಳಿದವರಿಗೆಲ್ಲ ಸಂಬಂಧಿಕರ ಭೇಟಿಯ ವೀಸಾ. ಇದರಲ್ಲಿ ಅರ್ಧ ಕೆಲಸ ನಿಮ್ಮದು. ಆಹ್ವಾನ ಪತ್ರ ಬರೆಯಬೇಕು, ಅವರು ಎಲ್ಲಿರುತ್ತಾರೆ, ಏನು ಮಾಡುತ್ತಾರೆ ಅಂತ ದಿನದ ಪಟ್ಟಿ ಕೊಡಬೇಕು. ಖರ್ಚು ನೀವು ನೋಡಿಕೊಳ್ಳುವುದಾದರೆ ಮಿಮೊತೊ ಹೊಶೋಶೊ, ಅಂದರೆ ಜಾಮೀನು ಪತ್ರವೂ ಬೇಕು. ಇರುವ ಖರ್ಚು, ವಾಪಸ್ ಹೋಗುವ ಖರ್ಚು, ಅವರು ಇಲ್ಲಿನ ಕಾನೂನು ಪಾಲಿಸುವುದು, ಈ ಮೂರಕ್ಕೂ ನೀವು ಹೊಣೆ ಅಂತ ಅದರಲ್ಲಿ ಬರೆದಿರುತ್ತದೆ. ವಾರ್ಡ್ ಆಫೀಸಿನಿಂದ ಜೂಮಿನ್ಹ್ಯೋ, ಅಂದರೆ ವಾಸದ ದಾಖಲೆ ತೆಗೆಸುವಾಗ ಮೈ ನಂಬರ್ (ಇಲ್ಲಿನ ಗುರುತಿನ ಸಂಖ್ಯೆ) ಇಲ್ಲದ ಪ್ರತಿ ಕೇಳಿ, ಮನೆಯವರೆಲ್ಲರ ಹೆಸರೂ ಇರಲಿ. ತೆರಿಗೆ ಸರ್ಟಿಫಿಕೇಟ್ ಹಿಂದಿನ ವರ್ಷದ ಆದಾಯದ ಮೇಲೆ ಬರುವುದರಿಂದ, ಈ ವರ್ಷವೇ ಜಪಾನಿಗೆ ಬಂದವರ ಬಳಿ ತೋರಿಸಲು ಏನೂ ಇರುವುದಿಲ್ಲ. ಅಂಥವರಿಗೆ ಊರಿನಲ್ಲಿ ಅಪ್ಪನ ಪಿಂಚಣಿ, ಬ್ಯಾಂಕ್ ದಾಖಲೆ ತೋರಿಸಿ ಅವರ ಖರ್ಚಿನಲ್ಲೇ ಅರ್ಜಿ ಹಾಕುವುದು ಸುಲಭ.

ನಮ್ಮ ಕಡೆಯವರು ಎಡವುವುದು ಹೆಸರಿನಲ್ಲಿ. ನಿಮ್ಮ ಜನನ ಪ್ರಮಾಣಪತ್ರದಲ್ಲಿ ಅಮ್ಮನ ಹೆಸರು ಒಂದು ಥರ, ಅವರ ಪಾಸ್‌ಪೋರ್ಟಿನಲ್ಲಿ ಇನ್ನೊಂದು ಥರ. ಅಪ್ಪನ ಇನಿಷಿಯಲ್ ಒಂದು ಕಡೆ ಬಿಡಿಸಿ ಬರೆದಿದೆ, ಇನ್ನೊಂದು ಕಡೆ ಇಲ್ಲ. ಅಧಿಕಾರಿಗೆ ನಮ್ಮ ಇನಿಷಿಯಲ್ ಪದ್ಧತಿ ಗೊತ್ತಿರಬೇಕಿಲ್ಲ, ಅಲ್ವಾ? ಎರಡೂ ಹೆಸರು ಒಬ್ಬರದೇ ಅಂತ ವಿವರಿಸುವ ಪತ್ರ ಇಟ್ಟು, ನಿಮ್ಮ ಪಾಸ್‌ಪೋರ್ಟಿನ ಕೊನೆ ಪುಟ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಹೀಗೆ ಹೆಸರು ಹೊಂದುವ ಕಾಗದಗಳನ್ನು ಸೇರಿಸಿ. ಅವಸರದಲ್ಲಿ ಅರೆಬರೆ ಅರ್ಜಿ ಹಾಕಬೇಡಿ. ಒಮ್ಮೆ ತಿರಸ್ಕಾರವಾದರೆ ಕಾರಣ ಹೇಳುವುದಿಲ್ಲ, ಅದೇ ಉದ್ದೇಶಕ್ಕೆ ಆರು ತಿಂಗಳು ಮತ್ತೆ ಅರ್ಜಿ ಹಾಕುವಂತಿಲ್ಲ.

ಈಗ ಮಾತ್ರೆ. ಇದನ್ನು ಎಲ್ಲರೂ ಕೊನೆಗೆ ನೆನಪಿಸಿಕೊಳ್ಳುತ್ತಾರೆ, ನಾನೂ ಹಾಗೇ ಮಾಡಿದ್ದೆ. ಡಾಕ್ಟರ್ ಬರೆದುಕೊಟ್ಟ ಔಷಧಿಯನ್ನು ಸುಮ್ನೆ ತರಬಹುದಾದದ್ದು ಒಂದು ತಿಂಗಳಿಗೆ ಆಗುವಷ್ಟು ಮಾತ್ರ. ಅಮ್ಮ ಮೂರು ತಿಂಗಳಿಗೆ ಬರುತ್ತಾರೆ, ಬಿಪಿ, ಶುಗರ್ ಮಾತ್ರೆ ಮೂರು ತಿಂಗಳಿಗೆ ಬೇಕೇ ಬೇಕು. ಅದಕ್ಕೆ ಹೊರಡುವ ಮೊದಲೇ ಯುನ್ಯೂ ಕಾಕುನಿನ್‌ಶೊ ಅನ್ನುವ ಆಮದು ದೃಢೀಕರಣ ಪತ್ರ ತೆಗೆದುಕೊಳ್ಳಬೇಕು. ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು, ಶುಲ್ಕ ಇಲ್ಲ. ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿನ ಜೊತೆ ಔಷಧದ ಮೂಲ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಅಂತ ಸ್ಪಷ್ಟವಾಗಿ ಬರೆಸಿಕೊಳ್ಳಲು ಹೇಳಿ. ನಮ್ಮ ಮನೆ ಡಾಕ್ಟರ ಕೈಬರಹ ನನಗೇ ಅರ್ಥವಾಗಿರಲಿಲ್ಲ, ಅಪ್ಪ ಮತ್ತೆ ಹೋಗಿ ಟೈಪ್ ಮಾಡಿಸಿಕೊಂಡು ಬಂದರು. ನೆಗಡಿ ಮಾತ್ರೆ ವಿಷಯದಲ್ಲಿ ಎಚ್ಚರ. ಮೂಗು ಕಟ್ಟಿದ್ದನ್ನು ಬಿಡಿಸುವ ಸೂಡೊಎಫೆಡ್ರಿನ್ ಅನ್ನುವ ಔಷಧ ಶೇ. 10ಕ್ಕಿಂತ ಜಾಸ್ತಿ ಇರುವುದನ್ನು ತರುವಂತೆಯೇ ಇಲ್ಲ.

ಚೀಲದಲ್ಲಿ ಕರಿಬೇವು, ವೀಳ್ಯದೆಲೆ, ತೋಟದ ಮಾವಿನಹಣ್ಣು ಬೇಡ ಅಂತ ಫೋನಿನಲ್ಲಿ ಎರಡು ಸಲ ಹೇಳಿ. ಸಸ್ಯ ಆರೋಗ್ಯ ಪತ್ರ ಇಲ್ಲದ ಹಸಿ ಎಲೆ, ಹಣ್ಣು ಕಸ್ಟಮ್ಸ್‌ನಲ್ಲೇ ನಿಲ್ಲುತ್ತದೆ. ಮಾಂಸದ ತಿನಿಸೂ ಬೇಡ. ಅಂಗಡಿಯ ಸೀಲ್ ಇರುವ ಮಸಾಲೆ ಪೊಟ್ಟಣ ತರಲಿ.

ವಿಮೆಯಲ್ಲಿ ಜಿಪುಣತನ ಮಾಡಬೇಡಿ. ನಮಗೆ ಇಲ್ಲಿನ ಆರೋಗ್ಯ ವಿಮೆ ಇರುವುದರಿಂದ ಆಸ್ಪತ್ರೆ ಬಿಲ್ಲಿನ ಶೇ. 30 ಮಾತ್ರ ಕಟ್ಟಿ ಅಭ್ಯಾಸ. ಭೇಟಿಗೆ ಬಂದವರು ಆ ವಿಮೆಗೆ ಸೇರುವಂತಿಲ್ಲ, ಪೂರ್ತಿ ಅವರೇ ಕಟ್ಟಬೇಕು, ಕೆಲವು ಆಸ್ಪತ್ರೆಗಳು ವಿಮೆ ಇಲ್ಲದ ವಿದೇಶಿಯರಿಗೆ ಎರಡು ಪಟ್ಟು, ಮೂರು ಪಟ್ಟು ದರ ಹಾಕುವುದೂ ಇದೆ. ಊರಿನಲ್ಲೇ ಪ್ರಯಾಣ ವಿಮೆ ಮಾಡಿಸಿ, ಮೊದಲೇ ಇರುವ ಬಿಪಿ, ಶುಗರ್, ಹೃದಯದ ತೊಂದರೆಯನ್ನು ಮುಚ್ಚಿಡದೆ ಬರೆಸಿ, ಅದಕ್ಕೆ ಎಷ್ಟರ ತನಕ ಹಣ ಕೊಡುತ್ತಾರೆ ಅಂತ ಸಣ್ಣ ಅಕ್ಷರದಲ್ಲಿರುವುದನ್ನೂ ಓದಿ. ಬಿಲ್ ಬಾಕಿ ಉಳಿಸಿ ಹೋದರೆ ಮುಂದಿನ ಸಲ ಜಪಾನಿನೊಳಗೆ ಬಿಡದೇ ಇರಬಹುದು.

ಸುತ್ತಾಡಲು ಜೆಆರ್ ಪಾಸ್, ಅಂದರೆ ಜೆಆರ್ ಕಂಪನಿಯ ರೈಲುಗಳಲ್ಲಿ ಇಂತಿಷ್ಟು ದಿನ ಓಡಾಡುವ ಪಾಸ್ ಬಗ್ಗೆ ಕೇಳುತ್ತಾರೆ. ಅದು ಅವರಿಗೆ ಸಿಗುತ್ತದೆ, ಕೆಲಸದ ವೀಸಾದಲ್ಲಿರುವ ನಿಮಗಿಲ್ಲ. 2023ರ ಅಕ್ಟೋಬರಿನಲ್ಲಿ ಏಳು ದಿನದ ಪಾಸ್ ಬೆಲೆ 50,000 ಯೆನ್‌ಗೆ ಏರಿತು. ಟೋಕಿಯೊದಿಂದ ಕ್ಯೋಟೊಗೆ ಹೋಗಿ ಬರುವುದಷ್ಟೇ ಆದರೆ ಬಿಡಿ ಟಿಕೆಟ್ಟೇ ವಾಸಿ.

ನೀವು ಆಫೀಸಿಗೆ ಹೋದಾಗ ಅವರಿಬ್ಬರೇ ವಾಕಿಂಗ್ ಹೊರಡುತ್ತಾರೆ. ಪಾಸ್‌ಪೋರ್ಟ್ ಮನೆಯಲ್ಲಿ ಭದ್ರವಾಗಿರಲಿ ಅಂತ ಬೀರುವಿನಲ್ಲಿ ಇಟ್ಟು ಹೋಗುವುದು ನಮ್ಮ ಹಿರಿಯರ ಅಭ್ಯಾಸ. ಇಲ್ಲಿ ಭೇಟಿಗೆ ಬಂದ ವಿದೇಶಿಯರು ಪಾಸ್‌ಪೋರ್ಟ್ ಸದಾ ಜೊತೆಗೇ ಇಟ್ಟುಕೊಳ್ಳಬೇಕು, ಅದು ಕಾನೂನು. ನಾನು ಅಪ್ಪನಿಗೆ ಕುತ್ತಿಗೆಗೆ ಹಾಕುವ ಸಣ್ಣ ಚೀಲ ಕೊಡಿಸಿದೆ. ಅದರಲ್ಲಿ ಪಾಸ್‌ಪೋರ್ಟ್, ಜಪಾನೀಸಿನಲ್ಲಿ ಬರೆದ ಮನೆ ವಿಳಾಸ, ನನ್ನ ನಂಬರ್, ಅವರು ತೆಗೆದುಕೊಳ್ಳುವ ಮಾತ್ರೆಗಳ ಹೆಸರು, ಕೆಳಗೆ ದಪ್ಪಕ್ಷರದಲ್ಲಿ ಆಂಬುಲೆನ್ಸ್ 119, ಪೊಲೀಸ್ 110.