ಅಮೈನೋ ಆಮ್ಲಗಳ ಸಾಲು ನೋಡಿ ಪ್ರೋಟೀನಿನ ಮಡಿಕೆ ಊಹಿಸುವುದು ಹೇಗೆ?

ದಾವಣಗೆರೆಯಲ್ಲಿ ಬಿ.ಎಸ್ಸಿ. ಹುಡುಗರಿಗೆ ಸಂಜೆ ಪಾಠ ಹೇಳುತ್ತೇನೆ. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳನ್ನು ಪೋಣಿಸಿದ ಸರ, ಅದು ಮಡಚಿಕೊಂಡು ಒಂದು ಆಕಾರಕ್ಕೆ ಬರುತ್ತದೆ. ಆ 20 ಅಮೈನೋ ಆಮ್ಲಗಳ ಹೆಸರು ಎಲ್ಲರಿಗೂ ಬಾಯಿಪಾಠ. ಆದರೆ ಒಂದು ಸಾಲು ಬರೆದುಕೊಟ್ಟು ಇದು ಹೇಗೆ ಮಡಚಿಕೊಳ್ಳುತ್ತದೆ ಅಂದರೆ ಫ್ಯಾನ್ ನೋಡುತ್ತಾ ಕೂರುತ್ತಾರೆ. ಹೆಸರು ಪಕ್ಕಕ್ಕಿಡಿ, ಬಣ್ಣದ ಪೆನ್ಸಿಲ್ ತಗೊಳ್ಳಿ.

ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್, ಫಿನೈಲ್‌ಅಲನಿನ್, ಮೆಥಿಯೋನಿನ್ ಇವಕ್ಕೆಲ್ಲ ಹಳದಿ. ಇವು ಜಿಡ್ಡಿನ ಜಾತಿ. ಬೆಣ್ಣೆ ದೋಸೆ ತಿಂದ ತಟ್ಟೆಗೆ ಬಿಸಿನೀರು ಹಾಕಿ ನೋಡಿ, ಸಣ್ಣ ಹನಿಗಳು ಸೇರಿ ದೊಡ್ಡದಾಗುತ್ತವೆ, ಅಲ್ವಾ? ಜಿಡ್ಡಿಗೆ ಜಿಡ್ಡಿನ ಮೇಲೆ ಅಂಥಾ ಪ್ರೀತಿ ಏನಿಲ್ಲ. ಜಿಡ್ಡನ್ನು ಸುತ್ತುವರಿದ ನೀರಿನ ಅಣುಗಳಿಗೆ ಆಚೀಚೆ ಹೊರಳಲು ಆಗುವುದಿಲ್ಲ, ಹನಿಗಳು ಒಂದಾದರೆ ಅಷ್ಟು ನೀರಿಗೆ ಬಿಡುಗಡೆ. ಪ್ರೋಟೀನಿನಲ್ಲೂ ಅದೇ ಕಥೆ, ಹಳದಿಗಳು ಒಳಗೆ ಸೇರಿಕೊಳ್ಳುತ್ತವೆ. ಲೈಸಿನ್, ಆರ್ಜಿನಿನ್ ಧನ ವಿದ್ಯುತ್ತಿನವು, ನೀಲಿ. ಆಸ್ಪಾರ್ಟಿಕ್ ಮತ್ತು ಗ್ಲುಟಾಮಿಕ್ ಆಮ್ಲ ಋಣ, ಕೆಂಪು. ಇವು ಸಾಮಾನ್ಯವಾಗಿ ಹೊರಗೆ, ನೀರಿನ ಕಡೆ.

ಈಗ ಹಳದಿ ಎಷ್ಟೆಷ್ಟು ದೂರಕ್ಕೆ ಬರುತ್ತದೆ ಎಣಿಸಿ. ಒಂದು ಬಿಟ್ಟು ಒಂದು ಬಂದರೆ ಬೀಟಾ ಎಳೆ (ಸರ ಉದ್ದಕ್ಕೆ ಚಾಚಿಕೊಂಡ ಭಾಗ) ಇರಬಹುದು, ಅದರ ಒಂದು ಮೈ ಒಳಕ್ಕೆ, ಇನ್ನೊಂದು ಹೊರಕ್ಕೆ. ಮೂರು ನಾಲ್ಕಕ್ಕೊಮ್ಮೆ ಬಂದರೆ ಆಲ್ಫಾ ಸುರುಳಿ, ಅಂದರೆ ಸರ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡ ಭಾಗ. ಅದರ ಒಂದು ಸುತ್ತಿಗೆ 3.6 ಆಮ್ಲ, ಅಂದರೆ ಒಂದೊಂದೂ 100 ಡಿಗ್ರಿ ತಿರುಗುತ್ತದೆ. ಒಂದು ವೃತ್ತ ಬರೆದು ಕೋನಮಾಪಕ ಇಟ್ಟು 100 ಡಿಗ್ರಿಗೊಂದು ಚುಕ್ಕಿ ಹಾಕುತ್ತಾ ಹೋಗಿ. 1, 5, 8, 12ನೆಯ ಚುಕ್ಕಿಗಳು ಒಂದೇ ಕಡೆ ಬಂದು ಬೀಳುತ್ತವೆ. ಆ ನಾಲ್ಕೂ ಹಳದಿಯಾಗಿದ್ದರೆ ಸುರುಳಿಯ ಯಾವ ಮಗ್ಗುಲು ಒಳಗಿದೆ ಅಂತ ಕಣ್ಣಿಗೇ ಕಾಣುತ್ತದೆ. ಈ ಚಿತ್ರ ಒಂದು ಸಲ ಕೈಯಾರೆ ಬರೆಯಲೇಬೇಕು, ಸುಮ್ನೆ ಓದಿದರೆ ತಲೆಗೆ ಹೋಗುವುದಿಲ್ಲ.

ಪ್ರೋಲಿನ್ ಕಂಡರೆ ಹುಷಾರು. ಅದರ ಬಾಲ (ಒಂದೊಂದು ಆಮ್ಲಕ್ಕೂ ಬೇರೆ ಬೇರೆಯಾಗಿರುವ ಪಕ್ಕದ ಗುಂಪು) ಸುತ್ತಿ ಬಂದು ಬೆನ್ನಿಗೇ, ಅಂದರೆ ಸರದ ಮೂಲ ದಾರಕ್ಕೇ ಅಂಟಿದೆ, ಸುರುಳಿಯ ನಡುವೆ ಬಂದರೆ ಅಲ್ಲೊಂದು ಸೊಟ್ಟ. ನಾನೇ ಒಮ್ಮೆ ಬೋರ್ಡಿನ ಮೇಲೆ ನೆಟ್ಟಗಿನ ಸುರುಳಿಯ ಮಧ್ಯೆ ಪ್ರೋಲಿನ್ ಬರೆದು, ಹಿಂದಿನ ಬೆಂಚಿನ ಹುಡುಗಿಯಿಂದ ತಿದ್ದಿಸಿಕೊಂಡಿದ್ದೇನೆ. ಗ್ಲೈಸಿನ್‌ಗೆ ಬಾಲದ ಜಾಗದಲ್ಲಿ ಬರೀ ಒಂದು ಹೈಡ್ರೋಜನ್, ಹೇಗೆ ಬೇಕಾದರೂ ಬಾಗುತ್ತದೆ, ಅದಕ್ಕೇ ತಿರುವುಗಳಲ್ಲಿ ಜಾಸ್ತಿ. ಎರಡು ಸಿಸ್ಟೀನ್‌ಗಳು ಗಂಧಕದ ಕೊಂಡಿ ಹಾಕಿಕೊಳ್ಳಬಲ್ಲವು.

ಒಂದೇ ಒಂದು ಬಣ್ಣ ಬದಲಾದರೆ ಏನಾಗುತ್ತದೆ ಅನ್ನುವವರು ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿನ ಬೀಟಾ ಸರಪಳಿ (ಅದರ ಒಂದು ಬಗೆಯ ಸರದ ಹೆಸರು, ಮೇಲಿನ ಬೀಟಾ ಎಳೆಯಲ್ಲ) ನೋಡಿ. 6ನೆಯ ಜಾಗದ ಗ್ಲುಟಾಮಿಕ್ ಆಮ್ಲ ಹೋಗಿ ವ್ಯಾಲಿನ್ ಬಂದರೆ, ಕೆಂಪು ಇರಬೇಕಾದ ಹೊರಮೈಯಲ್ಲಿ ಹಳದಿ. ಆಮ್ಲಜನಕ ಬಿಟ್ಟುಕೊಟ್ಟ ಮೇಲೆ ಆ ಜಿಡ್ಡಿನ ಚುಕ್ಕೆ ಪಕ್ಕದ ಹಿಮೋಗ್ಲೋಬಿನ್ನಿಗೆ ಅಂಟಿ, ಸಾಲುಗಟ್ಟಿ, ರಕ್ತಕಣವನ್ನೇ ಕುಡುಗೋಲಿನ ಹಾಗೆ ಬಗ್ಗಿಸುತ್ತದೆ.

ಇನ್ನು ಸುಮಾರು 20 ಹಳದಿ ಒಟ್ಟಿಗೇ ಸಾಲಾಗಿ ಬಂದರೆ ಒಳಗೆ-ಹೊರಗೆ ಲೆಕ್ಕ ಹಾಕಬೇಡಿ. ಅದು ಬಹುಶಃ ಜೀವಕೋಶದ ಪೊರೆಯನ್ನು ತೂರಿಕೊಂಡು ನಿಂತ ಸುರುಳಿ. ಪೊರೆಯ ಒಳಭಾಗವೇ ಜಿಡ್ಡು, ಹಾಗಾಗಿ ಅಲ್ಲಿ ಹಳದಿ ಹೊರಗಿದ್ದರೂ ಆರಾಮಾಗಿರುತ್ತದೆ.